ಹಸಿರು ದೀಪ ಉರಿಯುತ್ತಿದ್ದಾಗಲೇ ಮೇನ್ ಇಳಿಸಿದ ಬಗ್ಗೆ

ನನ್ನ ಹೆಸರು ಹುಲಿಗೆವ್ವ, ಗಂಡ ದ್ಯಾಮಣ್ಣ, ವಯಸ್ಸು ಸುಮಾರು 38, ಓದಿದ್ದು ನಾಲ್ಕನೇ ಇಯತ್ತೆ, ಅದೂ ಅರ್ಧ. ಕುಮಾರಸ್ವಾಮಿ ಲೇಔಟಿನ ಮೋಟರ್ ಶೆಡ್ಡಿನಲ್ಲಿ ಕಸ ಗುಡಿಸಿ ಟೀ ಕೊಡುವ ಕೆಲಸ. ವಾಸ ಬಿ.ಟಿ.ಎಂ. ಲೇಔಟ್ ಎರಡನೇ ಹಂತ, ಚೂಡಾಮಣಿ ಎಂಬುವರ ವಠಾರ. ಈ ದಿನ ಯಾರೂ ಕರೆಸದೆ ನಾನೇ ಠಾಣೆಗೆ ಬಂದು ತಿಳಿಸುವುದೇನೆಂದರೆ,

ದಿನಾಂಕ 14-11-2005ರ ಸೋಮವಾರ ಶೆಡ್ಡಿನಲ್ಲಿ ಫಿಟ್ಟರ್ ಮುತ್ತುರಾಜಣ್ಣನ ಮೊಣಕಾಲು ಮುರಿದಾಗ ನಾನು ಹೊರಗೆ ಲೋಟ ತೊಳೆಯುತ್ತಿದ್ದೆ ಎಂದು ಅಂದು ಬಂದ ಪೊಲೀಸರಿಗೆ ಹೇಳಿದ್ದೆ. ಅದು ಸುಳ್ಳು. ನಾನು ಒಳಗೇ ಇದ್ದೆ.

ಶೆಡ್ಡಿನಲ್ಲಿ ಗಾಳಿಗೆ ತಿರುಗಿ ಕರೆಂಟು ಮಾಡುವ ಗಾಳಿಯಂತ್ರದ ಜನರೇಟರ್ ಇದೆ. ಅಲ್ಲಿ ಗಾಳಿ ಇಲ್ಲದ್ದರಿಂದ ಬೇರೆ ಲೈನಿನ ಒಂದು ಮೋಟರ್ ಅದನ್ನು ತಿರುಗಿಸುತ್ತದೆ. ಪಕ್ಕದಲ್ಲಿ ಇಂಜಿನಿಯರ್ ಶರ್ವಾಣಿ ಮೇಡಂ ಮೂರು ವರ್ಷ ಕೂತು ಮಾಡಿದ ಕಂಟ್ರೋಲ್ ಪೆಟ್ಟಿಗೆ. ಅಂದು ಅದರ ಪರೀಕ್ಷೆಗೆಂದು ಲೈನಿನ ವೋಲ್ಟೇಜ್ ಮೂರು ಸಲ ಬೀಳಿಸುವವರಿದ್ದರು. ಬೆಳಿಗ್ಗೆ 11-10ಕ್ಕೆ ಟೀ ಕೊಡುವಾಗ, ಬೇಕೆಂದೇ ವೋಲ್ಟೇಜ್ ಯಾಕೆ ಬೀಳಿಸುತ್ತೀರಿ ಎಂದು ಕೇಳಿದೆ. ಮೇಡಂ, "ಅಕ್ಕ, ಲೈನಲ್ಲಿ ಎಲ್ಲೋ ಶಾರ್ಟ್ ಆದಾಗ ಗಾಳಿಯಂತ್ರಗಳೆಲ್ಲ ಒಟ್ಟಿಗೆ ಕೈಬಿಟ್ರೆ ಊರೇ ಕತ್ತಲಾಗುತ್ತೆ. ಈ ಪೆಟ್ಟಿಗೆ ಎಷ್ಟು ಬಿತ್ತು ಅಂತ ನೋಡ್ಕೊಂಡು, ಅದಕ್ಕೆ ತಕ್ಕಂಗೆ ತಾನೇ ಹಿಡಿತ ಬದಲಾಯಿಸ್ಕೊಂಡು ನಿಲ್ಬೇಕು. ಹಸಿರು ದೀಪ ಇದ್ರೆ ಹಿಡಿದಿದೆ ಅಂತ," ಎಂದರು.

11-25ಕ್ಕೆ ಮೂರು ಸೆಕೆಂಡು ಸ್ವಲ್ಪ ಬೀಳಿಸಿದರು. 11-32ಕ್ಕೆ ಇನ್ನಷ್ಟು. ಎರಡೂ ಸಲ ಹಸಿರು ದೀಪ ಆರಲಿಲ್ಲ. ನಾನು ಬಾಗಿಲ ಹತ್ತಿರ ನೋಡುತ್ತಾ ನಿಂತೆ. ಮುತ್ತುರಾಜಣ್ಣ, "ಹಂಗೆ ನೋಡ್ಬೇಡ ಕಣಕ್ಕಾ, ಮಿಷನ್ನಿಗೆ ದೃಷ್ಟಿ ಆಗುತ್ತೆ," ಎಂದು ನಕ್ಕರು. ದೃಷ್ಟಿ ಆದ್ರ ನಾನ ತೆಗಿತೀನಿ ಬಿಡ್ರಿ ಎಂದೆ.

11-40ಕ್ಕೆ ಪೂರಾ ಬೀಳಿಸಿದರು. ಟ್ಯೂಬ್‌ಲೈಟು ಮಂಕಾಗಿ ಮಿಷನ್ ನರಳಿತು. ಮಿಷನ್ನನ್ನು ಲೈನಿಗೆ ಜೋಡಿಸುವ ಮೇನ್ ಸ್ವಿಚ್ ನನ್ನಿಂದ ಒಂದೂವರೆ ಅಡಿ. ನಮ್ಮ ವಠಾರದಲ್ಲಿ ಬಲ್ಬು ಮಂಕಾದರೆ ಹತ್ತಿರ ಇದ್ದವರು ಓಡಿ ಮೇನ್ ಇಳಿಸಬೇಕು, ಇಲ್ಲದಿದ್ದರೆ ಎಲ್ಲರ ಟಿ.ವಿ. ಸುಡುತ್ತದೆ ಎಂದು ಚೂಡಾಮಣಿ ಆಂಟಿಯ ಕಟ್ಟುನಿಟ್ಟು. ನಾಲ್ಕು ವರ್ಷದಿಂದ ರೊಟ್ಟಿ ಹಿಟ್ಟಿನ ಕೈಯಲ್ಲೂ ಓಡಿದ್ದೇನೆ. ಮೇಡಂ ಹೇಳಿದ್ದೆಲ್ಲ ನೆನಪಿದ್ದೂ ಕೈ ಹೋಯಿತು. ಇಳಿಸಿದೆ. ಇಳಿಸುವಾಗ ಹಸಿರು ದೀಪ ಉರಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ದೀಪ ಆರಿತು. ಮೋಟರ್ ತಿರುಗಿಸುತ್ತಲೇ ಇದ್ದು, ಲೈನಿನ ಭಾರ ತಪ್ಪಿದ ಮಿಷನ್ ಕಿರುಚುತ್ತಾ ಜೋರಾಗಿ ತಿರುಗಿ, ಮೇಲಿನ ಕಬ್ಬಿಣದ ಮುಚ್ಚಳ ಕಿತ್ತು ಹಾರಿ, ಐದಡಿ ದೂರದಲ್ಲಿದ್ದ ಮುತ್ತುರಾಜಣ್ಣನ ಎಡ ಮೊಣಕಾಲಿಗೆ ಬಡಿಯಿತು. ಮೇಡಂ ಓಡಿ ಕೆಂಪು ಗುಂಡಿ ಒತ್ತಿ ನಿಲ್ಲಿಸಿದರು. ಎಲ್ಲರೂ ಮುತ್ತುರಾಜಣ್ಣನ ಹತ್ತಿರ ಓಡಿದಾಗ ನಾನು ಸ್ವಿಚ್ ಮೇಲಕ್ಕೆ ಎತ್ತಿಟ್ಟೆ. ಯಾರೂ ನೋಡಲಿಲ್ಲ.

ನಿನ್ನೆ 16ನೇ ತಾರೀಖು ಸಂಜೆ 5ಕ್ಕೆ ಮೇಡಂ ಗ್ರಾಫಿನ ಹಾಳೆ ಹಿಡಿದು, "ಎರಡು ಸಲ ಹಿಡಿದಿದ್ದು ಮೂರನೇ ಸಲ ಯಾಕಕ್ಕಾ ಬಿಡ್ತು? ತಪ್ಪು ನನ್ನದೇ ಅಂತ ಬರ್ಕೊಟ್ಟಿದ್ದೀನಿ. ನಾಳೆ ಪೆಟ್ಟಿಗೆ ಗುಜರಿಗೆ," ಎಂದರು. ನಾನು ಟೀ ಲೋಟ ಎತ್ತಿಕೊಂಡು ಹೊರಗೆ ಹೋದೆ.

ಪೆಟ್ಟಿಗೆ ಮೂರನೇ ಸಲವೂ ಹಿಡಿದಿತ್ತು ಸ್ವಾಮಿ. ನಾನು ಸುಮ್ಮನಿದ್ದಿದ್ದರೆ ಮೂರು ಸೆಕೆಂಡೂ ನಿಲ್ಲುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಅದನ್ನು ತಿಳಿಯುವ ಆಸೆ ನನಗೂ ಇದೆ. ಗುಜರಿ ಗಾಡಿ ಈ ದಿನ ಮಧ್ಯಾಹ್ನ 2ಕ್ಕೆ ಬರುತ್ತದೆ. ನನ್ನನ್ನು ಇಲ್ಲೇ ಕೂರಿಸಿಕೊಂಡರೂ ತಕರಾರಿಲ್ಲ, ಮೊದಲು ಮೇಡಂ ಅವರಿಗೆ ಒಂದು ಫೋನ್ ಮಾಡಿಸಬೇಕು.

ಇದನ್ನು ಯಾರೂ ಹೇಳಿಕೊಟ್ಟಿಲ್ಲ. ನಾನೇ ಅಕ್ಷರ ಕೂಡಿಸಿ ಬರೆದು, ಠಾಣೆಯವರಿಂದ ಓದಿಸಿ ಕೇಳಿದ್ದೇನೆ. ನಡೆದದ್ದು ಇದೇ.

ಸ್ಥಳ: ಬೆಂಗಳೂರು
ದಿನಾಂಕ: 17-11-2005, ಬೆಳಿಗ್ಗೆ 10-05
ಸಹಿ: ಹುಲಿಗೆವ್ವ