ಉಣಿಸಿದ ಕೈ

ನಾಶಿಕದ ಬಸ್ ನಿಲ್ದಾಣದಲ್ಲಿ ಯೇವಲಾ ಬಸ್ಸಿಗೆ ಕಾಯುತ್ತಿದ್ದ ತುಳಸಿಗೆ, ಸುತ್ತಲಿನ ಮರಾಠಿ ಗದ್ದಲದ ನಡುವೆ ಪಕ್ಕದ ಬೆಂಚಿನಿಂದ ಬೀದರ ಕಡೆಯ ಕನ್ನಡ ಕೇಳಿಸಿತು. ಊರಿಗೆ ಹೊರಟ ಅತ್ತೆಯನ್ನು ಬೀಳ್ಕೊಡಲು ಸೊಸೆ ಬಂದಿದ್ದಳು. ಅವಳ ತೊಡೆಯ ಮೇಲೆ ಎರಡು ವರ್ಷದ ಮಗ ಕೂತಿದ್ದ.

“ಇನ್ನ ನಾಕ ದಿನ ಇರ್ರಿ ಅತ್ತಿ.”

“ಬ್ಯಾಡವ್ವಾ ಮಂಜು. ನಾ ಇದ್ರ ಸಂಗು ಉಣ್ಣಂಗಿಲ್ಲ. ನನ್ನ ಕೈಯಾಗ ಬಟ್ಟಲ ಕಂಡ್ರ ಸಾಕು, ಪಲಂಗದ ಕೆಳಗ ಸೇರ್ತಾನ.”

“ಮೊದಲಿಂದನೂ ಹಟಮಾರಿನೇ ಅವ.”

“ಹಟ ಇತ್ತು, ಅಂಜಿಕಿ ಇದ್ದಿಲ್ಲ. ಮೂಗ ಹಿಡದು ತುರುಕಿ ನಾನೇ ಅಂಜಿಕಿ ಹಚ್ಚಿದೆ. ಅವರಪ್ಪಗೂ ಹಿಂಗೇ ಉಣಿಸಿದ್ದೆ ನೋಡು.”

“ನಾ ಬ್ಯಾಡ ಅನ್ನಬೇಕಿತ್ತರಿ. ತೂಕ ಏರ್ಲಿ ಅಂತ ಅವನ ಎರಡೂ ಕೈ ಹಿಡಕೊಂಡು ಕೂತಾಕಿ ನಾನೇ.”

“ಈಗರೆ ಡಾಕ್ಟರ ಹೇಳ್ದಂಗ ಮಾಡು. ತಾಟ ಅವನ ಮುಂದ ಇಟ್ಟು ಸುಮ್ಮನ ಕೂಡು.”

“ಭಾಳ ದಿನ ಹಿಡೀತದ ಅಂದಾರಲ್ರಿ.”

“ಹಿಡೀಲಿ. ತನ್ನ ಕೈಲೆ ಉಂಡ ದಿನ ನನಗ ಫೋನ್‌ನಾಗ ತೋರ್ಸು.”

ಬೀದರಿನ ಬಸ್ಸು ಬಂದು ನಿಂತಿತು. ಮುದುಕಿ ಎದ್ದು ಮೊಮ್ಮಗನ ಗಲ್ಲ ಸವರಲು ಕೈ ಚಾಚಿದಳು. ಮಗು ಎರಡೂ ಅಂಗೈಗಳಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಬೇಡವೆಂದು ಮರಾಠಿಯಲ್ಲಿ ಚೀರಿತು.

“ನಕೋ, ನಕೋ!”

“ಊಟ ಅಲ್ಲೋ ಸಂಗು! ಅಜ್ಜಿ ಊರಿಗೆ ಹೊಂಟಾಳ, ಟಾಟಾ ಮಾಡು.”

“ಇರ್ಲಿ ಬಿಡವ್ವಾ, ಅಳಿಸಬ್ಯಾಡ.”

ಕನ್ನಡದಲ್ಲಿ ಮಾತಾಡಿಸಬೇಕೆಂದಿದ್ದ ತುಳಸಿ ಮುಖ ಆಚೆ ತಿರುಗಿಸಿಕೊಂಡಳು. ಮುದುಕಿ ಮಗುವಿನ ಪಾದವನ್ನಷ್ಟೇ ಮುಟ್ಟಿ, ಬಸ್ಸು ಹತ್ತಿದಳು.