ಚಳಿಗೇ ಕಣವ್ವ ಇದೆಲ್ಲಾ

...ತೆಗೀಬ್ಯಾಡ, ತೆಗೀಬ್ಯಾಡ! ಆ ಗೋಣಿಚೀಲ ಮುಟ್ಬ್ಯಾಡ ಕಣವ್ವ ಶಿವ್ಲಕ್ಷ್ಮಿ! ಅಯ್ಯೋ, ನಾನು ಕೈ ನೋಯುಸ್ಕಂಡು ಮೊಳೆ ಹೊಡ್ದು ಕಿಟ್ಕಿಗೆ ಬಿಗ್ದಿವ್ನಿ, ನೀನು ಬೆಳಿಗ್ಗೆ ಎದ್ದೇಟ್ಗೆ ಅದಕ್ಕೇ ಕೈ ಹಾಕ್ತೀಯಲ್ಲ! ಏನು, ಬೆಳಕು ಬರಲ್ವಾ? ಬೆಳಕು ಯಾಕವ್ವ ಬೇಕು? ಐದು ತಿಂಗ್ಳ ಕೂಸು, ಎದ್ದು ಕುಂತ್ಕಂಡು ಪೇಪರ್ ಓದ್ಬೇಕಾ?

ನಗ್ತೀಯಾ? ನಗು, ನಗು. ಈ ಅತ್ತೆ ತಿಮ್ಮಮ್ಮಂಗೆ ತಲೆ ಕೆಟ್ಟೈತೆ ಅಂತ ನಗ್ತಾ ಇದ್ದೀಯ. ಮೊನ್ನೆ ಬಾಣಂತನ ಮುಗಿಸ್ಕಂಡು ನಿನ್ನ ಇಲ್ಲಿಗೆ ಬುಟ್ಟು ಹೋಗ್ವಾಗ ನಿಮ್ಮವ್ವ ಗಂಗಲಕ್ಷ್ಮಮ್ಮ ಏನಂದ್ರು, ಗ್ಯಾಪಕ ಐತಾ? "ಈ ಗುಡೇಮಾರನಹಳ್ಳಿ ಚಳಿ ನನಗೆ ಗೊತ್ತು ಬೀಗ್ತಿ, ನಿಮ್ದು ಹೆಂಚಿನ ಮನೆ. ನನ್ ಮೊಮ್ಮಗೀಗೆ ಒಸಿ ನೆಗಡಿ ಆಯ್ತು ಅಂದ್ರೂ ಬಂದು ಕರ್ಕಂಡೋಯ್ತೀನಿ." ನೆಟ್ಟಗೆ ನನ್ ಮೊಖ ನೋಡ್ಕಂಡೇ ಅಂದ್ರು. ಅವರಿಗೇನವ್ವ, ಹೊಂಗನೂರಲ್ಲಿ ರೇಷ್ಮೆಹುಳ ಸಾಕ್ತಾರೆ. ಹುಳಕ್ಕೆ ಅಂತ ಮನೆ ಕಾಯುಸ್ತಾರೆ, ಜೊತೇಲಿ ಮನುಷ್ಯರೂ ಬೆಚ್ಚಗಿರ್ತಾರೆ. ನಮ್ಗೆ ಯಾವ ಹುಳ ಐತೆ? ಅದಕ್ಕೇ ಮಾಡಿವ್ನಿ ಇದೆಲ್ಲಾ. ಚಳಿಗೇ ಕಣವ್ವ ಇದೆಲ್ಲಾ.

ನೋಡು, ತಲೆ ಎತ್ತಿ ನೋಡು. ಆ ಹೆಂಚಿನ ಸಂದೀಲಿ ಕೆಂಪಗೆ ಕಾಣ್ತದಲ್ಲ, ಅದು ನನ್ ಧಾರೆ ಸೀರೆ! ಹೂಂ, ಹರಿದು ತುರುಕ್ಬುಟ್ಟೆ. ಪೆಟ್ಟಿಗೇಲಿ ಇಟ್ಕಂಡು ಯಾವ ಮದ್ವೆಗೆ ಉಡ್ಲಿ? ಗ್ವಾಡೆ ಬಿರುಕಿಗೆ ಕೆಮ್ಮಣ್ಣು ಸಗಣಿ ಕಲಸಿ ಮೆತ್ತಿದೆ. ನಿನ್ ಚಾಪೆ ಕೆಳಗೆ ಮಂಡಿಯುದ್ದ ರಾಗಿಹುಲ್ಲು ಹಾಸಿವ್ನಿ. ಬಾಕ್ಲು ಸಂದಿಗೆ ಗೊಬ್ಬರದ ಚೀಲ ಹೊಲ್ದು ಇಳಿಬುಟ್ಟಿವ್ನಿ. ಮಗೀಗೆ ಹೊದಿಯಾಕೆ ನಮ್ಮವ್ವನ ಕರೀ ಕಂಬಳಿ ಐತೆ. ಹೀಟರ್ ತರ್ತೀನಿ ಅಂತ ಕುಣೀತಿದ್ದ ನಿನ್ ಗಂಡ. ಬೈರೇಶ, ಸುಮ್ಕಿರ್ಲಾ, ಕುರಿ ಸಾಕೋರ ಮನೇಲಿ ಹುಟ್ಟಿ ಅಂಗಡೀಲಿ ಬಿಸಿ ಕೊಳ್ತೀಯೇನ್ಲಾ ಅಂದೆ. ಶಿವರಾತ್ರಿ ಬಂದ್ರೆ ಚಳಿ ಶಿವಶಿವಾ ಅಂತ ತಾನೇ ಹೋಯ್ತದೆ, ಅಲ್ಲೀಗಂಟ ತಡ್ಕಂಡ್ರೆ ಸಾಕಲ್ವಾ?

ಏನು? ಮರಿಗಳಾ?

ಇರ್ಲಿ ಬುಡು, ಅಲ್ಲೇ ಮೂಲೇಲಿ ಇರ್ಲಿ. ವಾಸನೆ ಬತ್ತದಾ? ಕುರಿಮರಿ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬತ್ತದಾ? ಅವುನ್ನ ಒಳಕ್ಕೆ ಕಟ್ಟಿರೋದೂ ಬಿಸಿಗೇ ಕಣಮ್ಮಿ. ಎರಡು ಮರಿ ಉಸುರಾಡ್ತಾ ಮಲಗಿದ್ರೆ ಕೋಣೆ ಹಂಡೆ ಒಲೆ ಮುಂದೆ ಕುಂತಂಗೆ ಇರ್ತದೆ. ನಿನ್ ಗಂಡ ಹುಟ್ಟಿದ್ ವರ್ಷ ಇದಕ್ಕಿಂತ ಚಳಿ, ಅವನ್ನ ಕುರಿ ಪಕ್ಕದಲ್ಲೇ ಮಲಗುಸ್ತಿದ್ದೆ. ಏನಾಯ್ತು ಅವನ್ಗೆ? ಕಲ್ಲು ಇದ್ದಂಗವ್ನೆ.

ತಾಯಿ ಕುರೀನಾ?... ಮಾರ್ಬುಟ್ವಿ. ಮಾಗಡಿ ಸಂತೇಲಿ. ಹೂಂ, ಮರಿ ಬುಟ್ಟು ತಾಯಿನ ಮಾರುದ್ವಿ. ನಿಮ್ಮಾವನಿಗೆ ಬುದ್ಧಿ ಇಲ್ಲ, ಮಾರ್ಬುಟ್ಟ. ಹಾಲು ಕುಡಿಯೋ ಮರಿ ಇದ್ದಾಗ ಯಾರು ಮಾರ್ತಾರೆ ಅಂದ್ರೆ ನಾನೇನವ್ವ ಹೇಳ್ಲಿ? ಅವನ್ನೇ ಕೇಳು. ನೀನೇನು ಪೊಲೀಸಾ? ಬಂದು ಇನ್ನೂ ಬ್ಯಾಗಿಂದ ಬಟ್ಟೆ ತೆಗ್ದಿಲ್ಲ, ಕುರಿ ಲೆಕ್ಕ ತಗೀತಾಳೆ!

ಬಯ್ಯಲಿಲ್ಲ ಕಣವ್ವ. ಬಯ್ಯಲಿಲ್ಲ, ನನ್ ಗಂಟ್ಲೇ ಹಂಗೆ. ತಕ್ಕೋ, ಕಾಫಿ ಕುಡಿ. ಬೆಲ್ಲ ಜಾಸ್ತಿ ಹಾಕಿವ್ನಿ.

ಕರಿಯ? ಯಾವ ಕರಿಯ... ಓ, ನಾಯೀನಾ? ಅದನ್ನ ನಮ್ಮಣ್ಣ ಕರ್ಕಂಡೋದ, ಕನಕಪುರದ ತೋಟಕ್ಕೆ. ಅಲ್ಲಿ ಕಾಯಾಕೆ ಯಾರೂ ಇಲ್ಲ ಅಂದ, ಕರ್ಕಂಡೋಗಣ್ಣಾ ಅಂದೆ. ಒಳ್ಳೇ ತೋಟ. ಹೊಟ್ಟೆ ತುಂಬಾ ಮುದ್ದೆ ಹಾಕ್ತಾನೆ. ಸುಖವಾಗೈತೆ ಕರಿಯ... ಸುಖವಾಗೈತೆ.

ಕಣ್ಣಲ್ಲಿ ನೀರಾ? ಎಲ್ಲಿ? ಒಲೆ ಹೊಗೆ ಕಣೆ.

ಅದೇನು ಮತ್ತೆ ಬಾಕ್ಲ ಕಡೆ ನೋಡ್ತೀಯ? ಬೂದಿನಾ? ಇರುವೆ ಬತ್ತವೆ ಅಂತ ಮನೆ ಸುತ್ತಾ ಚೆಲ್ಲಿವ್ನಿ. ಚಳಿಗೆ ಇರುವೆ ಬರಲ್ವಾ? ಬತ್ತವೆ ಕಣವ್ವ, ಬೆಚ್ಚಗಿರೋ ಜಾಗ ಹುಡುಕ್ಕಂಡು ಎಲ್ಲಾನೂವೆ ಬತ್ತವೆ. ನಿಮ್ಮಾವ ಜಗುಲಿ ಮೇಲೆ ಬೆಂಕಿ ಹಾಕ್ಕಂಡು ಮಲಗ್ತಾನಲ್ಲ, ಅದರದೇ ಬೂದಿ, ದಂಡ ಯಾಕೆ ಮಾಡ್ಬೇಕು ಅಂತ ಚೆಲ್ಲಿದೆ. ಹೂಂ, ಹೊರಗೇ ಮಲಗ್ತಾನೆ. ಚಳಿ ಕಾಯುಸ್ಕಳಾಕೆ... ಯಾಕೆ ನಗ್ತೀಯ? ಬೆಚ್ಚಗಿರೋ ಮನೆ ಬುಟ್ಟು ಚಳೀಲಿ ಮಲಗಿ ಚಳಿ ಕಾಯುಸ್ಕಂತಾರಾ ಅಂತಾನಾ? ಮುದುಕ ಕಣೆ. ಮುದುಕರಿಗೆ ಏನೇನೋ ಹುಚ್ಚು. ಮಗ್ಗುಲಲ್ಲಿ ಮಚ್ಚು ಇಟ್ಕಂಡು ಮಲಗೋದೂ ಒಂದು ಹುಚ್ಚು.

ಮಚ್ಚು ಅಂದ್ನಾ? ಸೌದೆ ಸೀಳಾಕೆ. ಬೆಂಕಿ ಆರೋದ್ರೆ ಸೌದೆ ಸೀಳ್ಬೇಕಲ್ಲ.

ಇನ್ನೊಂದ್ ಮಾತು. ಕತ್ಲಾದ್ ಮೇಲೆ ಹಿತ್ಲಿಗೆ ಹೋಗ್ಬ್ಯಾಡ. ಬಚ್ಚಲಲ್ಲಿ ಬಕೆಟ್ ಇಟ್ಟಿವ್ನಿ, ಅಲ್ಲೇ ಮುಗಿಸ್ಕೋ, ಬೆಳಿಗ್ಗೆ ನಾನೇ ಚೆಲ್ತೀನಿ. ನಾಚ್ಕೆ ಏನು ಬಂತು, ನಾನೇನು ಗಂಡ್ಸಾ? ಹಸಿ ಮೈ ನಿಂದು. ಹಾಲಿನ ವಾಸನೆ ಹಿಡ್ಕಂಡು ಅದು ಬಂದ್ಬುಟ್ರೆ...

ಚಳಿ! ಚಳಿ ಬಂದ್ಬುಟ್ರೆ ಅಂದೆ. ಚಳಿಗೆ ವಾಸನೆ ಗೊತ್ತಾಗಲ್ಲ, ನನಗೂ ಗೊತ್ತು ಕಣೆ. ಬಾಯ್ತಪ್ಪಿ ಬಂತು. ಹಂಗೆ ನೋಡ್ಬ್ಯಾಡ ನನ್ನ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ ಆಯ್ತು ನನ್ ಕಥೆ... ಅಲ್ಲ, ಅಲ್ಲ, ನಾನ್ಯಾವ ಕುಂಬಳಕಾಯಿ ಕದ್ದಿವ್ನಿ? ಸುಮ್ಕೆ ಗಾದೆ ಹೇಳ್ದೆ.

ಕೊಡು, ಮಗೀನ ಇಲ್ಲಿ ಕೊಡು. ಒಗೆದ ಬಟ್ಟೆ ಒಣಗಾಕ್ಬೇಕಾ? ಹೋಗು. ಬಿಸ್ಲು ಬಂದೈತೆ, ಏನೂ ಆಗಲ್ಲ. ಬೇಗ ಬಂದ್ಬುಡು.

ನನ್ ಕಂದಾ... ನೋಡು ನೋಡು, ಬೆರಳು ಹೆಂಗೆ ಹಿಡ್ಕತ್ತದೆ! ಶಿವ್ಲಕ್ಷ್ಮೀ, ಇಲ್ಲಿಂದ್ಲೇ ಹೇಳ್ತೀನಿ ಕೇಳು. ದೊಡ್ಡಮಳೂರಲ್ಲಿ ಅಂಬೆಗಾಲು ಕೃಷ್ಣನ ಮುಂದೆ ತೊಟ್ಲು ಕಟ್ಟುದ್ವಲ್ಲ, ಅವತ್ತು ನೀನು ಮಗ ಕೊಡಪ್ಪಾ ಅಂತ ಕೇಳ್ದೆ. ನಾನು ಏನ್ ಕೇಳ್ದೆ ಗೊತ್ತಾ? ಮಗ ಕೊಟ್ಟು ನನ್ ಮನೇಲೇ ಇರ್ಸಪ್ಪಾ ಅಂದೆ. ಐದು ತಿಂಗ್ಳು ಈ ಮನೆ ಎಷ್ಟು ತಣ್ಣಗಿತ್ತು ಅಂತೀಯ! ಒಲೆ ಮುಂದೆ ಕುಂತ್ರೂ ನಡುಕ. ನೀನು ಬಂದ್ ದಿವ್ಸ ನಿಮ್ಮಾವ ಅಂಗಿ ಬಿಚ್ಚಿ ಓಡಾಡ್ದ ಕಣೆ, ಸೆಖೆ ಅಂತ!... ಕೇಳುಸ್ತಾ ಐತಾ?

ಶಿವ್ಲಕ್ಷ್ಮಿ?

ಓಗೊಡ್ಬಾರ್ದಾ? ಬಟ್ಟೆ ಒಣಗಾಕಾಕೆ ಇಷ್ಟೊತ್ತಾ? ಶಿವ್ಲಕ್ಷ್ಮೀ! ಏಯ್, ಉಸುರಾದ್ರೂ ಬುಡು! ಬಂದೆ, ಬಂದೆ, ಮಗೀನೂ ಕರ್ಕಂಡು ಬತ್ತಾ ಇವ್ನಿ, ಎಲ್ಲಿದ್ದೀಯ...

ಅಬ್ಬಾ! ಇಲ್ಲೇ ಇದ್ದೀಯ. ಎದೆ ಒಡೆದೋಯ್ತು ನಂದು. ಕಿಟ್ಕಿ ಕೆಳಗೆ ಯಾಕೆ ಕುಕ್ಕರುಗಾಲಲ್ಲಿ ಕುಂತಿದ್ದೀಯ? ಏನು ನೋಡ್ತಿದ್ದೀಯ? ಬಟ್ಟೆ ಎಲ್ಲಾ ಮಣ್ಣಾಯ್ತಲ್ಲ...

ಓ. ಅದಾ? ಬೂದೀಲಿ ಹೆಜ್ಜೆ.

ನಾಯೀದು ಕಣವ್ವ. ಏಳು, ಏಳು ಮೇಲೆ. ನಾಯಿ ಹೆಜ್ಜೆ ಅಷ್ಟೇ. ಅಂಗೈ ಯಾಕೆ ಇಡ್ತೀಯ ಅದರ ಮೇಲೆ? ನಿನ್ ಕೈಯಷ್ಟೇ ಐತೆ, ಆದ್ರೇನಾಯ್ತು? ದೊಡ್ಡ ನಾಯಿ. ನಮ್ ಕರಿಯಂದೇ, ದಿನಾ ಬೆಳಿಗ್ಗೆ ಇಲ್ಲೇ ಓಡಾಡ್ತದೆ, ಇಲ್ಲೇ ಕಿಟ್ಕಿ ಕೆಳಗೆ ಮಲಗ್ತದೆ...

ಏನು? ಕನಕಪುರಾನಾ?

ಹೂಂ. ಕರಿಯ ಕನಕಪುರದಲ್ಲೈತೆ ಅಂದಿದ್ದೆ. ನಾನೇ ಅಂದಿದ್ದೆ, ಈಗ ತಾನೆ.

ಬಯ್ಯವ್ವ ನನ್ನ. ಬಯ್ಯಿ. ನಿನ್ ಕಾಲಿಗೆ ಬೀಳ್ತೀನಿ. ಗೋಣಿಚೀಲ ಹೊರಮಗ್ಗುಲಲ್ಲಿ ಹರಿದೈತೆ ಅಂತ ಬೆರಳು ತೋರುಸ್ತೀಯಾ? ಕಾಣ್ತದೆ. ನನಗೂ ಕಾಣ್ತದೆ. ನೆನ್ನೆ ಸಂಜೆ ಹರಿದಿರ್ಲಿಲ್ಲ... ನೆನ್ನೆ ಸಂಜೆ ನಾನೇ ಸುತ್ತಾ ನೋಡ್ಕಂಡು ಬಂದಿದ್ದೆ. ಕುರಿ ರೊಪ್ಪದ ಹತ್ರ ಬೂದಿ ಹಾಕಿದ್ದು ಹಂಗೇ ಐತೆ, ನೋಡು, ಒಂದು ಹೆಜ್ಜೆ ಇಲ್ಲ. ನಾವು ಅಲ್ಲಿಗೇ ಬತ್ತದೆ ಅಂದ್ಕಂಡ್ವಿ. ನಿಮ್ಮಾವ ಮುಂಬಾಗ್ಲಲ್ಲಿ ಕಾದ. ಅದು ಇಲ್ಲಿಗೆ ಬಂದೈತೆ. ಮಗ ಮಲಗೋ ಕಿಟ್ಕಿಗೆ.

ಚಿರ್ತೆ ಕಣವ್ವ.

ತಾಯಿ ಕುರೀನ ರೊಪ್ಪದಿಂದ ಹೊತ್ಕಂಡೋಯ್ತು. ಕರಿಯ ಅಡ್ಡ ಹೋಯ್ತು, ಕರಿಯಂದು ಕತ್ತಿನ ಪಟ್ಟಿ ಮಾತ್ರ ಸಿಕ್ತು. ಫಾರೆಸ್ಟ್‌ನೋರು ಬೋನು ಇಡ್ತೀವಿ ಅಂದವ್ರೆ, ಇನ್ನೂ ಇಟ್ಟಿಲ್ಲ. ಊರಿಗೆಲ್ಲಾ ಗೊತ್ತು. ಡೈರಿ ವೆಂಕಟಯ್ಯನ ಕೈ ಹಿಡ್ಕಂಡು ಬೇಡ್ಕಂಡೆ, ನಮ್ ಸೊಸೆ ಕಿವಿಗೆ ಹಾಕ್ಬ್ಯಾಡಣ್ಣಾ ಅಂತ. ಬೈರೇಶನ ಬಾಯೂ ನಾನೇ ಮುಚ್ಚುಸ್ದೆ. ಹೇಳಿದ್ರೆ ನೀನು ಮಗೀನ ಎತ್ಕಂಡು ಹೋಗ್ಬುಡ್ತೀಯ ಅಂತ... ಬಿಗಿಯಾಗಿ ಮುಚ್ಚುದ್ರೆ ಸಾಕು, ಒಳಗಿದ್ರೆ ಏನೂ ಆಗಲ್ಲ ಅಂದ್ಕಂಡೆ.

ಮರಿಗಳು... ಅಯ್ಯೋ ಶಿವನೇ, ಮರಿಗಳು! ಅವುನ್ನ ಉಳುಸ್ಕಳಾಕೆ ಅಂತ ಒಳಕ್ಕೆ ತಂದು ಮಗೀನ ಪಕ್ಕ ಕಟ್ಟುದ್ನಲ್ಲ ನಾನು! ಅವು ರಾತ್ರಿಯೆಲ್ಲಾ ತಾಯಿ ಬೇಕು ಅಂತ ಅರಚ್ತವೆ. ಆ ಸದ್ದಿಗೇ ಬಂದೈತೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕಂಡಂಗೆ, ನಾನೇ ಕರ್ದೆ. ನನ್ ಕೈಯ್ಯಾರೆ ಕರ್ದೆ ಕಣವ್ವ...

ತಕ್ಕೋ. ಮಗೀನ ತಕ್ಕೋ. ಹೊರಡು, ನಿಮ್ಮವ್ವನ ಮನೆಗೆ ಹೊರಡು.

ಬೈರೇಶಂಗೆ ಫೋನ್ ಮಾಡು, ಬೈಕ್ ತರ್ಲಿ... ಬೈಕ್ ಬ್ಯಾಡ, ಬಸ್ಸಲ್ಲೇ ಹೋಗಿ. ಬ್ಯಾಗ್ ಬಿಚ್ಚದೇ ಇದ್ದಿದ್ದು ಒಳ್ಳೇದೇ ಆಯ್ತು. ನಿಮ್ಮವ್ವ ಕೇಳಿದ್ರೆ... ಇದ್ದಿದ್ದು ಇದ್ದಂಗೇ ಹೇಳು. ಸುಳ್ಳು ಹೇಳ್ಬ್ಯಾಡ, ನಾನು ಹೇಳಿರೋದೇ ಸಾಕು.

ನಿಂತ್ಕೋ, ಒಂದ್ ನಿಮಿಷ ನಿಂತ್ಕೋ. ಕಂಬಳಿ ತತ್ತೀನಿ. ಕಿಟ್ಕಿ ಪಕ್ಕ ಕುಂತ್ಕಬ್ಯಾಡಿ, ಗಾಳಿ ಹೊಡೀತದೆ. ಮಗೀನ ಕಿವಿ ಮುಚ್ಚು.