ಬಂಪರಿಗೆ ಕಟ್ಟಿದ ಎತ್ತು

ಮಾನ್ಯ ಅಧ್ಯಕ್ಷರಾದ ದಿಗಂಬರರಾವ ಗುರುಗಳೇ, ಶಾಲು ಹೊದ್ದು ಈ ಸೆಕೆಯಲ್ಲಿ ಬೆವರುತ್ತಿರುವ ಇಂದಿನ ಸನ್ಮಾನಿತರಾದ ಬಕ್ಕಪ್ಪ ಕಾಕಾ ಅವರೇ, ಅಡುಗೆಯ ವಾಸನೆ ಬಂದರೂ ಕದಲದ ಯೆಣೆಗೂರಿನ ಸಭಿಕರೇ,

ಇಪ್ಪತ್ತೆರಡು ವರ್ಷ ಒಂದೇ ಬಿಳಿ ಅಂಬಾಸಡರ್ ಓಡಿಸಿದ ಕಾಕಾ ಇಂದು ಸ್ಟಿಯರಿಂಗ್ ಬಿಡುತ್ತಿದ್ದಾರೆ. ಆ ಕಾರಿನಲ್ಲಿ ಹೆರಿಗೆಗೆ ಹೋಗದ ತಾಯಿ ಇಲ್ಲಿ ಯಾರಿದ್ದಾರೆ? ಹನ್ನೊಂದು ಮಂದಿ ತುಂಬಿಕೊಂಡು ಮೆಟ್ರಿಕ್ ಪರೀಕ್ಷೆಗೆ ಹೋಗದ ವಿದ್ಯಾರ್ಥಿ ಯಾರಿದ್ದಾರೆ? ಭೂಕಂಪದ ಮುಂಜಾನೆ ಹಿಂದಿನ ಸೀಟು ಕಿತ್ತು ಅಂಗಳಕ್ಕೆಸೆದು, ಗಾಯಗೊಂಡವರನ್ನು ಮಲಗಿಸಿಕೊಂಡು ಉಮರಗಾದ ಆಸ್ಪತ್ರೆಗೆ ಏಳು ಸಲ ಹೋಗಿಬಂದವರು ಇವರು. ಕೇಳಿದರೆ, "ಸೀಟ್ ಹಳೀದಿತ್ತು ಬಿಡ್ರಿ" ಎನ್ನುತ್ತಾರೆ.

ಕಾರು ಸಿರಿವಂತರ ಡೌಲು ಎಂದು ಕರಪತ್ರ ಬರೆದವನು ನಾನೇ. ಆದರೂ ನನ್ನ ಮದುವೆಗೆ ಅದರಲ್ಲೇ ಹೋದೆ. ನಿಲಂಗಾ ಕಡೆಯ ಹಳ್ಳಿ, ಬಸ್ಸು ಬರಲಿಲ್ಲ. ಇದು ಸಮರ್ಥನೆಯಲ್ಲ, ಸಂಗತಿ.

ನಾನು ವರದಕ್ಷಿಣೆ ವಿರೋಧಿ ಯುವಕ ಸಂಘದ ಕಾರ್ಯದರ್ಶಿ. ಊಟವಾದ ಮೇಲೆ ಸಂಘದವರು ಇಲ್ಲೇ ಕೈ ಎತ್ತಿ ನನ್ನನ್ನು ತೆಗೆದುಹಾಕದಿದ್ದರೆ, ನಾಳೆಯೂ ಕಾರ್ಯದರ್ಶಿಯೇ. ಮಾವನ ಎತ್ತಿಗೆ ಆಸೆಪಟ್ಟವನೆಂದು ನನ್ನ ಮೇಲೆ ದೂರು. ಆದ್ದರಿಂದ ಕಾಕಾ ಅವರ ಕುರಿತು ಇನ್ನೆರಡು ಮಾತು.

ನಮ್ಮ ಭಾಗದ ಮದುವೆಯಲ್ಲಿ ವರ ಕಾರಿನಿಂದ ಇಳಿಯದೆ ಮುನಿಸಿಕೊಂಡು ಕೂರುತ್ತಾನೆ. ಹೆಣ್ಣಿನ ಕಡೆಯವರು ಏನಾದರೂ ಕೊಟ್ಟು ಇಳಿಸಬೇಕು. ಇದು ಭಿಕ್ಷೆಯಲ್ಲದೆ ಮತ್ತೇನು? ಮಾವ ಕಾಶೆಪ್ಪನವರು ಉಂಗುರ ಹಿಡಿದು ಬರುವುದು ಕಂಡಿತು. ಅದನ್ನು ಒಳಗಿಡುವವರೆಗೆ ಇಳಿಯಬಾರದೆಂದು ಮೌನ ಸತ್ಯಾಗ್ರಹ ಹೂಡಿದೆ. ಮೌನ ಎಂಥವರನ್ನೂ ಕರಗಿಸುತ್ತದೆಂದು ಎರಡು ರೂಪಾಯಿಯ ಪುಸ್ತಿಕೆಯೊಂದರಲ್ಲಿ ಓದಿದ್ದೆ.

ಉಂಗುರ ಹೋಗಿ ಕೈಗಡಿಯಾರ ಬಂತು. ರೇಡಿಯೊ ಬಂತು. ನಾನು ಕಣ್ಣು ಮುಚ್ಚಿದೆ.

ಬಕ್ಕಪ್ಪ ಕಾಕಾ ಹಿಂದೆ ತಿರುಗಿ, "ತಮ್ಮಾ, ಈ ಸೀಟಿನ್ಯಾಗ ಕೂತವ್ರು ಸೈಕಲ್ಲಿಗೇ ಇಳದಾರ. ನಿನಗೇನು ನನ್ನ ಕಾರೇ ಬೇಕೇನು?" ಎಂದರು.

ಕಣ್ಣು ತೆರೆದಾಗ ಮುಂದಿನ ಬಂಪರಿಗೆ ದೇವಣಿ ತಳಿಯ ಎತ್ತೊಂದನ್ನು ಕಟ್ಟಿದ್ದರು. ಸಭಿಕರೇ, ಅದು ಭೂಕಂಪದಲ್ಲಿ ಮನೆ ಬಿದ್ದು ತಗಡಿನ ಶೆಡ್ಡಿನಲ್ಲಿದ್ದ ಸಂಸಾರ. ಅವರಿಗೆ ಉಳಿದದ್ದೇ ಒಂದು ಜೋಡಿ ಎತ್ತು.

ಅಷ್ಟರಲ್ಲಿ ವಧು ಜಯಮಾಲಾ ಬಾಸಿಂಗ ಕಟ್ಟಿಕೊಂಡೇ ಬಂದು ಕಿಟಕಿಗೆ ಬಗ್ಗಿದಳು. "ನಮ್ಮಪ್ಪ ಒಂಟಿ ಎತ್ತಿಲೆ ಹೊಲಕ್ಕ ಹ್ಯಾಂಗ ಗಳೇ ಹೊಡೀತಾನ್ರೀ? ಎತ್ತು ನಿಮ್ಮ ಸಂಗಟ ಬಂದ್ರ ನಾ ಬರಂಗಿಲ್ಲ. ಬಾಯಿ ಅದನೋ ಇಲ್ಲೋ ನಿಮಗ?"

ಬಾಯಿ ಇತ್ತು. "ಮಾವಾರೀ, ನನಗ ಎತ್ತು ಬ್ಯಾಡ್ರೀ" ಎಂದೆ.

ಮಾವ ತಮ್ಮ ಕಡೆಯವರತ್ತ ತಿರುಗಿದರು. "ಕೇಳಿದ್ರೇನು, ಒಂದಕ್ಕ ಒಪ್ಪವಲ್ಲ. ಇನ್ನೊಂದೂ ಬಿಚ್ಚಿ ತರ್ರಿ."

ಎರಡನ್ನೂ ಜಯಮಾಲಾ ತಾನೇ ಹೊಡೆದುಕೊಂಡು ಹೋಗಿ ಶೆಡ್ಡಿಗೆ ಕಟ್ಟಿದಳು. ಬಂದು ಕಾರಿನ ಬಾಗಿಲು ತೆಗೆದು ನನ್ನ ರಟ್ಟೆ ಹಿಡಿದಳು. ಇಳಿದೆ. ನನ್ನ ತತ್ವಕ್ಕೆ ಒಂದು ಮನೆಯ ಬಿತ್ತನೆ ನಿಲ್ಲುತ್ತಿತ್ತು. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಕೇಳಿದೆನೆಂಬುದು ಸುಳ್ಳು. ಬಂಪರಿಗೆ ಎತ್ತು ಕಟ್ಟುವವರೆಗೆ ನಾನು ತುಟಿ ತೆರೆಯದಿದ್ದುದಕ್ಕೆ ಕಾರಿನೊಳಗಿದ್ದ ಸಾಕ್ಷಿ ಒಬ್ಬರೇ.

ಕಾಕಾ, ನೀವೇ ಹೇಳಿ. ನಾನು ಎತ್ತು ಕೇಳಿದ್ದೆನೇ?

ಕಾಕಾ?

ಸಭಿಕರೇ, ದಯವಿಟ್ಟು ಯಾರೂ ಈಗಲೇ ಕೈ ಎತ್ತಬೇಡಿ. ಕಾಕಾ ಅವರಿಗೆ ನಿದ್ದೆ ಬಂದಿದೆ. ಅವರ ಮೌನಕ್ಕೆ ಬೇರೆ ಅರ್ಥವಿಲ್ಲ. ಇಷ್ಟು ಹೊತ್ತು ಕೇಳಿದ್ದಕ್ಕೆ ಕೃತಜ್ಞ. ನಮಸ್ಕಾರ.